ಚಿಲಕಮೀಮಾಂಸೆ: ಒಂದು ಅಪೂರ್ಣ ಮಹಾಪ್ರಬಂಧ

ಒಬ್ಬ ವಯಸ್ಕ ತನ್ನ ಕೋಣೆಯ ಚಿಲಕ ಹಾಕಿಕೊಂಡು ಏನು ನೋಡುತ್ತಾನೆ ಎಂಬುದನ್ನು ಇಡೀ ರಾಜ್ಯ ರಾತ್ರಿ ಒಂಬತ್ತಕ್ಕೆ ಏಕೆ ನೋಡಬೇಕು? ಈ ಗಹನ ಸಮಸ್ಯೆಯನ್ನು ನೋಟಕೇಂದ್ರಿತ ಸಂಕಥನದ ನೈತಿಕ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ವ್ಯಾಪ್ತಿ: ಕನ್ನಡದ ಸುದ್ದಿವಾಹಿನಿಗಳು. ವಿಧಾನ: ಸೋಫಾ. ಆಕರ: ರಿಮೋಟು.

ದರ್ಶನ ಎರಡು ಬಗೆ. ಚಿಲಕದ ಒಳಗೆ ನಡೆಯುವುದು ಅಂತರ್ದರ್ಶನ, ಚಿಲಕದ ತೂತಿನಿಂದ ನಡೆಯುವುದು ಲೋಕದರ್ಶನ. ಮೊದಲನೆಯದಕ್ಕೆ ಚಟ ಎನ್ನುತ್ತಾರೆ, ಎರಡನೆಯದಕ್ಕೆ ಟಿಆರ್‌ಪಿ ಬರುತ್ತದೆ. ಲೋಕದರ್ಶನಕ್ಕೆ ಪಂಚಾಂಗಗಳುಂಟು: ವೃತ್ತಾಂಗ, ಬಾಣಾಂಗ, ಮಬ್ಬಾಂಗ, ಆರ್ತನಾದಾಂಗ, ಚರ್ಚಾಂಗ. ಕೆಂಪು ವೃತ್ತ, ಕೆಂಪು ಬಾಣ ಸರ್ವವಿದಿತ. ಮಬ್ಬಾಂಗಕ್ಕೆ ಮಾತ್ರ ಪ್ರತ್ಯೇಕ ಪಿಎಚ್‌.ಡಿ. ಸಲ್ಲಬೇಕು. ಚಿತ್ರದ ಮೇಲೆ ಹೊದಿಸಿದ ಚೌಕುಳಿ ಮಬ್ಬು, ಒಳಗಿನವರು ಅಲುಗಿದೊಡನೆ ಅಲುಗುವುದಿಲ್ಲ. ಸಡಿಲ ಪಂಚೆಯ ಹಾಗೆ ಅರೆಕ್ಷಣ ಹಿಂದುಳಿಯುತ್ತದೆ. ಆ ಅರೆಕ್ಷಣವನ್ನೇ ಸ್ಲೋಮೋಷನ್ನಿನಲ್ಲಿ ಮತ್ತೆ ಮತ್ತೆ ಹಾಕಲಾಗುತ್ತದೆ. ಮೇಲ್ಗಡೆ ಮಕ್ಕಳು ನೋಡಬಾರದೆಂಬ ಎಚ್ಚರಿಕೆ, ಕೆಳಗಡೆ ಮಂಡಿನೋವಿನ ಎಣ್ಣೆಯ ಜಾಹೀರಾತು, ನಡುವೆ ಇಂಥದ್ದನ್ನೆಲ್ಲ ತಾವು ತೋರಿಸುವುದೇ ಇಲ್ಲವೆಂದು ಆಣೆಯಿಡುತ್ತಿರುವ ನಿರೂಪಕ.

ಇನ್ನು ಪ್ರಮಾಣವಿಚಾರ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯ ಕಲಾಪದ ನಡುವೆಯೇ ಅಶ್ಲೀಲ ವಿಡಿಯೊ ಓಡುತ್ತಿದ್ದ ಸಚಿವರ ಮೊಬೈಲಿನೊಳಕ್ಕೆ ಕ್ಯಾಮೆರಾ ಇಣುಕಿತು. ಮೂವರು ಸಚಿವರು ರಾಜೀನಾಮೆ ಕೊಟ್ಟರು. ತಕರಾರಿಲ್ಲ, ಸದನ ಯಾರ ಮಲಗುವ ಕೋಣೆಯೂ ಅಲ್ಲ. ಆದರೆ ವಾಹಿನಿಗಳು ಇದರಿಂದ ಕಲಿತದ್ದು, ಮಲಗುವ ಕೋಣೆಗಳೆಲ್ಲ ಸದನವೇ ಎಂದು. 2015ರಲ್ಲಿ ಕೇಂದ್ರ ಸರ್ಕಾರ 857 ಅಶ್ಲೀಲ ತಾಣಗಳಿಗೆ ಬೀಗ ಹಾಕಿಸಿ, ಕೆಲವೇ ದಿನಗಳಲ್ಲಿ ತಾನೇ ಸಡಿಲಿಸಿತು. ಅದಕ್ಕೆ ತುಸು ಮೊದಲು, ವಯಸ್ಕನೊಬ್ಬ ನಾಲ್ಕು ಗೋಡೆಗಳ ನಡುವೆ ನೋಡುವುದನ್ನು ಕೋರ್ಟು ಹೇಗೆ ತಡೆದೀತು ಎಂದು ಕೇಳಿದ್ದವರು ನಮ್ಮ ಚಿಕ್ಕಮಗಳೂರಿನ ಕಡೆಯವರೇ, ಆಗಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಸಾರಿದ ಮೊಕದ್ದಮೆಯ ಅರ್ಜಿದಾರರೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಲ್ಲಿ ಒಂಬತ್ತು ನ್ಯಾಯಮೂರ್ತಿಗಳಿಗೆ ಒಮ್ಮತದಿಂದ ಅರ್ಥವಾದದ್ದು ಇಲ್ಲಿ ಒಂಬತ್ತು ಗಂಟೆಯ ಪ್ಯಾನೆಲ್ಲಿಗೆ ಇನ್ನೂ ಆಗಿಲ್ಲ.

ಚರ್ಚಾಂಗದಲ್ಲಿ ಐದು ಉಪವರ್ಗ. ಒಂದು, ಬಾಯಿ ತೆರೆದೊಡನೆ ಬ್ರೇಕ್ ಬರುವ ಮನೋವೈದ್ಯರು. ಎರಡು, ಎಲ್ಲಕ್ಕೂ ಮೊಬೈಲೇ ಕಾರಣವೆಂದು ಮೊಬೈಲಿನಲ್ಲೇ ಮಾತಾಡುವ ಸಂಸ್ಕೃತಿ ರಕ್ಷಕರು. ಮೂರು... ಹೋಗಲಿ ಬಿಡಿ, ನಾಲ್ಕೂ ಐದೂ ಅವರೇ.

2024ರ ಏಪ್ರಿಲ್‌ನಲ್ಲಿ ಹಾಸನದ ಬಸ್ ನಿಲ್ದಾಣ, ಪಾರ್ಕುಗಳಲ್ಲಿ ಪೆನ್‌ಡ್ರೈವ್‌ಗಳು ಬಿದ್ದಿದ್ದವಲ್ಲ, ಅವುಗಳಲ್ಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಲ್ಲಿದ್ದ ಹೆಂಗಸರ ಮುಖಕ್ಕೆ ಯಾವ ಮಬ್ಬೂ ಇರಲಿಲ್ಲ. ಅವರ ಮೇಲೆ ನಡೆದದ್ದು ಒಂದು ಹಿಂಸೆ, ಅದನ್ನು ಚಿತ್ರೀಕರಿಸಿದ್ದು ಇನ್ನೊಂದು, ಊರಿಗೆಲ್ಲ ಹಂಚಿದ್ದು ಮತ್ತೊಂದು. ಅದನ್ನು ನೋಡುವುದು ಯಾರ ಖಾಸಗಿ ಹಕ್ಕೂ ಅಲ್ಲ. ಸಿಟ್ಟಾಗಬೇಕಾದ್ದು ಇಲ್ಲಿ, ಸ್ವಾಮಿ. ಇಲ್ಲಿ ಕಿರುಚಬೇಕಿತ್ತು. ಆದರೆ ವರ್ಷಗಟ್ಟಲೆ ಯಾರೋ ಹುಡುಗನ ಬ್ರೌಸಿಂಗ್ ಹಿಸ್ಟರಿಗೆ ಅಷ್ಟೇ ಎತ್ತರದ ದನಿಯಲ್ಲಿ ಥೂ ಎಂದು ಉಗಿದು, ಅಷ್ಟೇ ಭಯಂಕರ ಹಿನ್ನೆಲೆ ಸಂಗೀತ ಹಾಕಿ, ಕೊನೆಗೆ ನಿಜವಾದ ಅನ್ಯಾಯ ಎದುರಾದಾಗ, ವಾಹಿನಿಯವರೇ, ನಿಮ್ಮ ಬಳಿ ಉಳಿದದ್ದು ಅದೇ ಬಾಣ, ಅದೇ ವೃತ್ತ. ಅದೇ ಮಬ್ಬಿನೊಳಗೆ ಈ ಸಲ ಇದ್ದವರು ಅಕ್ಕಪಕ್ಕದವರಿಗೆ ಸೀರೆಯಿಂದಲೇ ಗುರುತು ಹತ್ತಬಹುದಾದ ಹೆಂಗಸರು. ಎಷ್ಟೋ ಜನ ಮನೆ ಬಿಟ್ಟು ಹೋದರು. ಅವರಲ್ಲಿ ಯಾರು ಮರಳಿದರು, ಯಾರು ಇಲ್ಲ ಎಂದು ತಿಳಿದು ಬರಲು ಒಬ್ಬ ವರದಿಗಾರ್ತಿಯನ್ನು ಕಳಿಸಿ, ಕ್ಯಾಮೆರಾ ಆಫೀಸಿನಲ್ಲೇ ಇರಲಿ.