ಬೇಲಿ ಮೇಲಿನ ಮಚ್ಚು

ಅಕ್ಕಾ, ನಿಮ್ಮ ಮಚ್ಚು ಒಂದು ಗಳಿಗೆ ಕೊಡ್ತೀರಾ? ಹಿತ್ತಲ ರಸಬಾಳೆ ಬಲಿತು ನಿಂತಿದೆ, ಗೊನೆ ಇಳಿಸಬೇಕು. ದೇವರಸನಹಳ್ಳಿಯಿಂದ ತಂದು ನೆಟ್ಟ ಕಂದು ಕಣಕ್ಕ, ಸೊರಗು ರೋಗಕ್ಕೆ ಸಿಕ್ಕದೆ ಉಳಿದದ್ದೇ ನಂಜುಂಡಪ್ಪನ ದಯೆ. ಆ ಹಾಳು ರೋಗ ಬಂದ ಮೇಲೆ ನಂಜನಗೂಡಲ್ಲೇ ನಂಜನಗೂಡು ರಸಬಾಳೆ ಹುಡುಕೋ ಹಾಗಾಯ್ತಲ್ಲ. ಇರಲಿ, ಮಚ್ಚು ಅಂದ ಕೂಡಲೇ ನೆನಪಾಯ್ತು. ನಿನ್ನೆ ಸರಿರಾತ್ರಿಯವರೆಗೆ ನಿಮ್ಮ ಹುಡುಗ ನೋಡ್ತಿದ್ದದ್ದು 'ಓಂ' ಅಲ್ವಾ? ನನಗೆ ಮಲಗಿದ ಕಡೆಯಿಂದಲೇ ಗೊತ್ತಾಯ್ತು. ಅಣ್ಣಾವ್ರು ಸೂರ್ಯನನ್ನು ಕರೆದು ಹಾಡೋ ಆ ಹಾಡು ಕಿವಿಗೆ ಬಿದ್ದ ಮೇಲೆ ನಿದ್ದೆ ಎಲ್ಲಿಂದ ಬರಬೇಕು!

ಅದೇ ಒಂದು ವಿಚಿತ್ರ ನೋಡಿ. ಬೆಂಗಳೂರಿನ ರೌಡಿಗಳ ಸಿನಿಮಾ, ಲಾಂಗು ಮಚ್ಚು ಬಿಟ್ಟರೆ ಮಾತಿಲ್ಲ ಅಂತ ಹೆಸರು. ಅದಕ್ಕೆ ದುಡ್ಡು ಹಾಕಿದವರು ನಮ್ಮ ಸಾಲಿಗ್ರಾಮದ ಕಡೆಯ ಹೆಣ್ಣುಮಗಳು ಪಾರ್ವತಮ್ಮನವರು. ಹಾಡಿದವರು ರಾಜ್‌ಕುಮಾರ್. ಮಚ್ಚು ಹಿಡಿದವನು ಮಗ ಶಿವಣ್ಣ. ಅಪ್ಪ ಪ್ರಾರ್ಥನೆ ಹಾಡ್ತಾನೆ, ಅಮ್ಮ ಗಂಟು ಬಿಚ್ಚುತ್ತಾಳೆ, ಮಗ ಪೂಜಾರಿ ಮನೆಯಲ್ಲಿ ಹುಟ್ಟಿ ರೌಡಿಯಾಗ್ತಾನೆ. ಇಡೀ ಸಂಸಾರ ಸೇರಿ ಮಾಡಿದ ಸಿನಿಮಾ ಅದು! 1995ರಲ್ಲಿ ಅದರ ನಿರ್ದೇಶಕ ಉಪೇಂದ್ರ ಇನ್ನೂ ಹುಡುಗ. ನಿಜವಾದ ರೌಡಿಗಳನ್ನೇ ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸಿದ್ರಲ್ಲ, ಆ ಧೈರ್ಯ ಯಾರಿಗಿತ್ತು? ಇಪ್ಪತ್ತು ವರ್ಷ ಟಿವಿಗೆ ಬರಲೇ ಇಲ್ಲ, ಥಿಯೇಟರಿಗೇ ಹೋಗಬೇಕಿತ್ತು. 500ಕ್ಕೂ ಹೆಚ್ಚು ಸಲ ಮತ್ತೆ ಮತ್ತೆ ಬಿಡುಗಡೆ ಆಯ್ತು ಅಂತಾರೆ. ಇನ್ನೊಂದು ಕೇಳಿ, ನಾಯಕನ ಹೆಸರು ಸತ್ಯ. ಮೂರು ವರ್ಷ ಬಿಟ್ಟು ಬೊಂಬಾಯಿ ಗ್ಯಾಂಗುಗಳ ಮೇಲೆ ರಾಮ್‌ಗೋಪಾಲ್ ವರ್ಮ ತೆಗೆದ ಸಿನಿಮಾದ ಹೆಸರೇ 'ಸತ್ಯ'. ಎರಡು ಊರು, ಎರಡು ಭಾಷೆ, ಮಚ್ಚು ಪಿಸ್ತೂಲು ಹಿಡಿದವರಿಗೆ ಇದೇ ಹೆಸರು ಯಾಕೆ ಬೇಕಾಯ್ತೋ!

ನಮ್ಮ ತಾತನ ಮಚ್ಚು ನೋಡಿದ್ದೀರಲ್ಲ ನೀವು? ಹಿಡಿಗೆ ಹಲಸಿನ ಮರ, ಸವೆದು ಸವೆದು ತಾತನ ಅಂಗೈ ಆಕಾರಕ್ಕೇ ಬಂದಿತ್ತು. ಆಯುಧಪೂಜೆ ದಿನ ಕುಡುಗೋಲು, ಗುದ್ದಲಿ ಜೊತೆಗೆ ಅದನ್ನೂ ತೊಳೆದು ಅರಿಶಿನ ಕುಂಕುಮ ಇಟ್ಟು ಹೂ ಏರಿಸೋರು. ಎಳನೀರು ಕೆತ್ತೋಕೆ, ಬಾಳೆ ಕಡಿಯೋಕೆ, ಸೌದೆ ಸೀಳೋಕೆ ಅದೊಂದೇ. ಅದೇ ಮಚ್ಚು ಬೆಂಗಳೂರು ಬಸ್ಸು ಹತ್ತಿದ ಕೂಡಲೇ ಅಂಗಿ ಬೆನ್ನಿನೊಳಗೆ ಅವಿತುಕೊಳ್ಳುತ್ತೆ. ಮಾತಿನ ಪಾಡೂ ಅಷ್ಟೇ. ಸುಪಾರಿ ಅಂದ್ರೆ ಏನು? ಅಡಿಕೆ. ನಮ್ಮಲ್ಲಿ ಎಲೆ ಅಡಿಕೆ ಕೊಟ್ಟರೆ ಮದುವೆಗೆ ಕರೆದ ಹಾಗೆ, ಅಲ್ಲಿ ಅಡಿಕೆ ಕೊಟ್ಟರೆ ಒಂದು ಜೀವ ಹೋದ ಹಾಗೆ. ಮುಹೂರ್ತ ಇಡೋದಂತೆ ಬೇರೆ! ಮದುವೆ ಮನೆ ಮಾತನ್ನೆಲ್ಲ ಕೊಲೆಗೆ ಎತ್ತಿಕೊಂಡು ಹೋದ್ರಲ್ಲ, ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತೆ.

ಹೆಸರುಗಳೂ ಹಾಗೇ. ಕೊತ್ವಾಲ ಅಂದ್ರೆ ಹಿಂದಿನ ಕಾಲದಲ್ಲಿ ಊರು ಕಾಯೋ ಪೊಲೀಸಿನ ಅಧಿಕಾರಿ. ಬೆಂಗಳೂರು ನಡುಗಿಸಿದವನ ಹೆಸರು ಕೊತ್ವಾಲ್ ರಾಮಚಂದ್ರ! ಅವನ ಎದುರಾಳಿ ಜಯರಾಜ್ 'ಗರೀಬಿ ಹಟಾವೋ' ಅಂತ ಪತ್ರಿಕೆ ನಡೆಸ್ತಿದ್ದ. ಒಬ್ಬ 1986ರಲ್ಲಿ ಹೋದ, ಇನ್ನೊಬ್ಬ 1989ರಲ್ಲಿ, ಇಬ್ಬರೂ ಕೊಲೆಯಾಗೇ. ಆ ಕಥೆಯನ್ನು ಒಳಗಿದ್ದು ಕಂಡ ಅಗ್ನಿ ಶ್ರೀಧರ್ ಬರೆದರು, 2007ರಲ್ಲಿ ಅದು 'ಆ ದಿನಗಳು' ಸಿನಿಮಾ ಆಯ್ತು. ಅದರ ಚಿತ್ರಕಥೆಗೆ ಗಿರೀಶ್ ಕಾರ್ನಾಡರೂ ಕೈ ಹಾಕಿದ್ದಾರೆ. ತುಘಲಕ್ ಬರೆದವರಿಗೆ ಕುರ್ಚಿಗಾಗಿ ಕತ್ತಿ ಮಸೆಯೋದು ಹೊಸದೇನಲ್ಲ ಬಿಡಿ.

ಈಗಿನ ಹುಡುಗರು ಮೊಬೈಲಲ್ಲಿ ಒಂದೇ ರಾತ್ರಿ ಹತ್ತು ಕಂತು ನುಂಗ್ತಾರೆ. ನಮಗೆ ಒಂದು ಕಂತಿಗೆ ಒಂದು ವಾರ. ರವಿ ಬೆಳಗೆರೆಯವರ ವಾರಪತ್ರಿಕೆ 'ಹಾಯ್ ಬೆಂಗಳೂರ್' ಶುರುವಾದದ್ದೂ 1995ರಲ್ಲೇ. ಕ್ಷೌರದಂಗಡಿಯಲ್ಲಿ ಅದು ಕೈಯಿಂದ ಕೈಗೆ ದಾಟಿ, ನನ್ನ ಹತ್ತಿರ ಬರೋ ಹೊತ್ತಿಗೆ ಹಾಳೆ ಮೆತ್ತಗಾಗಿರ್ತಿತ್ತು, ಮಡಿಕೆಯಲ್ಲಿ ಯಾರದೋ ಕೂದಲು. ತಲೆ ಕತ್ತರಿಸಿಕೊಂಡವರೂ ಎದ್ದು ಹೋಗ್ತಿರಲಿಲ್ಲ! ಆಮೇಲೆ ಈಟಿವಿಯಲ್ಲಿ 'ಕ್ರೈಂ ಡೈರಿ' ಬಂತು. ಅದರಲ್ಲಿ ಬೆಳಗೆರೆಯವರ ಆ ದನಿ ಬಂದ್ರೆ ನಮ್ಮವ್ವ ಎದ್ದು ಬಾಗಿಲ ಅಗುಳಿ ಹಾಕಿ ಬರೋಳು. ಬೆಂಗಳೂರಿನ ರೌಡಿ ಕಪಿಲೆ ಸೇತುವೆ ದಾಟಿ ನಮ್ಮ ಬೀದಿಗೆ ಬರ್ತಾನಾ ಅವ್ವ ಅಂದ್ರೆ, "ನೀನು ದಾಟಿ ಹೋಗ್ತೀಯಲ್ಲ" ಅನ್ನೋಳು. ಆಗ ಅರ್ಥ ಆಗಲಿಲ್ಲ ಕಣಕ್ಕ.

ಅರ್ಥ ಆದದ್ದು 'ಜೋಗಿ' ನೋಡಿದ ದಿನ. 2005ರಲ್ಲಿ. ಅವ್ವನ್ನ ನಾನೇ ಕರಕೊಂಡು ಹೋಗಿದ್ದೆ. ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋಗಿ ಬಂದವಳು, ದೇವರಗುಡ್ಡರ ಕಂಸಾಳೆ ಕೇಳಿದರೆ ಕೆಲಸ ಬಿಟ್ಟು ಕೂರೋಳು. ನಾಯಕನ ಹೆಸರು ಮಾದೇಶ ಅಂದ ಕೂಡಲೇ ಅವನು ನಮ್ಮ ಹುಡುಗನೇ ಆಗಿಬಿಟ್ಟ. ಅವನು ಯಾವ ಗ್ಯಾಂಗಿನವನನ್ನು ಹೊಡೆದ, ಯಾರ ಏರಿಯಾ ಯಾರ ಪಾಲಾಯ್ತು, ಅವ್ವ ಒಂದನ್ನೂ ನೋಡಲಿಲ್ಲ. ಮಗನನ್ನು ಹುಡುಕಿಕೊಂಡು ಬೆಂಗಳೂರಿನ ಬೀದಿ ಬೀದಿ ಅಲೆಯೋ ಆ ತಾಯಿಯನ್ನೇ ನೋಡಿದಳು. ಅರುಂಧತಿ ನಾಗ್ ಪರದೆ ಮೇಲೆ ಬಂದಾಗೆಲ್ಲ ನನ್ನ ಕೈ ಹಿಡಕೊಳ್ಳೋಳು. ಇನ್ನೇನು ಸಿಕ್ಕಿಬಿಟ್ಟ ಅನ್ನೋಷ್ಟರಲ್ಲಿ ತಪ್ಪಿ ಹೋಗ್ತಾನಲ್ಲ, ಆಗ ಜೋರಾಗೇ ಕೂಗಿದಳು, "ಹಿಂದಕ್ಕೆ ತಿರುಗೋ ಮಗಾ, ನಿಮ್ಮವ್ವ ಅಲ್ಲೇ ಅವಳೆ!" ಯಾರೂ ನಗಲಿಲ್ಲ. ಕೊನೆಯಲ್ಲಿ ಮಗ ತನ್ನ ತಾಯಿ ಹೆಣ ಅಂತ ಗೊತ್ತಿಲ್ಲದೆ ಅದರ ಮುಂದೆ ಕುಣಿಯೋ ಹೊತ್ತಿಗೆ ಟಾಕೀಸಲ್ಲಿ ಮೂಗೊರೆಸೋ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಮನೆಗೆ ಬಂದವಳು ಆ ರಾತ್ರಿ ಉಣ್ಣಲಿಲ್ಲ.

ಅವತ್ತಿಂದ ನಾನು ಇಂಥ ಕಥೆ ನೋಡೋ ರೀತಿಯೇ ಬೇರೆ ಆಯ್ತು ಕಣಕ್ಕ. ಡಾಲಿ, ಚಿಟ್ಟೆ, ಕಾಕ್ರೋಚ್ ಅಂತ 'ಟಗರು' ಸಿನಿಮಾದಲ್ಲಿ ಏನೇನು ಹೆಸರು! ಕೇಳೋಕೆ ಚೆಂದ. ಆದ್ರೆ ನನಗೆ ಬರೋ ಯೋಚನೆ ಒಂದೇ. ಈ ಚಿಟ್ಟೆಗೆ ಮನೆಯಲ್ಲಿ ಏನಂತ ಕರೀತಿದ್ರು? ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಹೇಳಿದ ಹೆಸರು ಯಾವುದು? ಅದನ್ನು ಕೂಗಿ ಕರೆಯೋರು ದಿನಕ್ಕೆ ಒಬ್ಬರಿದ್ದಿದ್ರೂ ಅವನು ಚಿಟ್ಟೆ ಆಗ್ತಿರಲಿಲ್ಲವೇನೋ, ಅಲ್ವಾ? ಗ್ಯಾಂಗು ಮೊದಲು ಕೊಡೋದೇ ಹೊಸ ಹೆಸರು. ಹಳೇ ಹೆಸರು ಮರೆತವನ ಕೈಗೆ ಆಮೇಲೆ ಏನು ಕೊಟ್ಟರೂ ಹಿಡೀತಾನೆ.

ಅಯ್ಯೋ, ನಿಮ್ಮ ಹುಡುಗನಿಗೆ ಅಂತ ಹೇಳಿದ್ದಲ್ಲ! ಬಂಗಾರದಂಥ ಹುಡುಗ. ಸೋಮವಾರ ಹೊರಡ್ತಾನೆ ಅಲ್ವಾ, ಬೆಂಗಳೂರಿಗೆ? ಕೆಲಸಕ್ಕೆ ಸೇರೋ ಮೊದಲು 'ಓಂ' ಅಂತ ಶುರು ಮಾಡಿದ್ದಾನೆ, ಒಳ್ಳೇದೇ ಬಿಡಿ.

ಅಗೋ, ಮಾತಾಡ್ತಾ ಮಾತಾಡ್ತಾ ಗೊನೆ ಇಳಿಸಿದ್ದೇ ಗೊತ್ತಾಗಲಿಲ್ಲ. ತಗೊಳ್ಳಿ ನಿಮ್ಮ ಮಚ್ಚು, ಸೊನೆ ಅಂಟಿದೆ, ಹುಣಸೆಹಣ್ಣು ಹಾಕಿ ಉಜ್ಜಿ. ಈ ಎರಡು ಚಿಪ್ಪು ಅವನ ಬ್ಯಾಗಿಗೆ. ಕಾಯಿ ಅಂತ ಬೇಡ ಅನ್ನದಿರಲಿ, ಬಟ್ಟೆ ನಡುವೆ ಸುತ್ತಿಟ್ಟರೆ ಗುರುವಾರದ ಹೊತ್ತಿಗೆ ಹಣ್ಣಾಗುತ್ತೆ. ರೂಮಿನ ತುಂಬ ಘಮ್ಮನ್ನುತ್ತೆ. ಆ ವಾಸನೆ ಬಂದ ದಿನ ಅವನೇ ನಿಮಗೆ ಫೋನ್ ಮಾಡ್ತಾನೆ, ನೋಡ್ತಿರಿ.