ಒಂದು ಹನಿ ರಕ್ತದ ಹೇಳಿಕೆ

ಎಷ್ಟು ಕುಡಿಯುತ್ತೀರಿ ಎಂದು ಕುಡಿಯುವವರನ್ನೇ ಕೇಳಿ ಬರೆದುಕೊಳ್ಳುವುದು ಹಳೆಯ ಪದ್ಧತಿ. ಉತ್ತರ ಎಷ್ಟು ನಿಜ ಎಂದು ತಿಳಿಯಲು ಪ್ರಯೋಗಾಲಯದ ಒಂದು ಹನಿ ರಕ್ತವನ್ನು ಮಾತಿಗೆಳೆದೆವು.

ಹಬ್ಬಕ್ಕೋ ಹುಣ್ಣಿಮೆಗೋ ಒಂದೇ ಒಂದು ಎಂದು ನಿಮ್ಮ ಯಜಮಾನರು ಬರೆಸಿದ್ದಾರಲ್ಲ?

ಹುಣ್ಣಿಮೆ ವಾರಕ್ಕೆ ನಾಲ್ಕು ಸಲ ಬರುತ್ತಿರಬೇಕು. ನನ್ನ ಕೆಂಪುಕಣಗಳ ಪೊರೆಯಲ್ಲಿ ಫಾಸ್ಫಟೈಡಿಲ್ ಎಥನಾಲ್ ಇದೆ, ಲ್ಯಾಬಿನವರ ಬಾಯಲ್ಲಿ 'ಪೆತ್'. ಮದ್ಯಸಾರ ಸೇರದೆ ಅದು ಹುಟ್ಟುವುದಿಲ್ಲ; ಹುಟ್ಟಿದರೆ ಎರಡರಿಂದ ನಾಲ್ಕು ವಾರ ಕಾಣುತ್ತದೆ. ಮಿಲಿಲೀಟರಿಗೆ 20 ನ್ಯಾನೊಗ್ರಾಂ ಒಳಗಿದ್ದರೆ ಇಲ್ಲ ಅಥವಾ ಅಪರೂಪ, 200 ದಾಟಿದರೆ ವಿಪರೀತ. ನನ್ನದು 310. ಮೊದಲು ಈ ಸಾಕ್ಷಿ ಹೇಳುತ್ತಿದ್ದುದು ಜಿಜಿಟಿ ಎಂಬ ಲಿವರ್ ಕಿಣ್ವ. ಬೊಜ್ಜಿಗೂ ಮಾತ್ರೆಗೂ ಏರುವ ಅದು ಕುಡಿಯದವರ ಮೇಲೂ ಚಾಡಿ ಹೇಳಿಬಿಡುತ್ತಿತ್ತು.

ಅಂದರೆ ಜನ ಸುಳ್ಳರು?

ಸ್ವಲ್ಪ ತಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ 10 ಪ್ರಶ್ನೆಗಳ 'ಆಡಿಟ್' ಪಟ್ಟಿಯಲ್ಲಿ ಒಂದು ಡ್ರಿಂಕ್ ಎಂದರೆ 10 ಗ್ರಾಂ ಮದ್ಯಸಾರ, ಸುಮಾರು 30 ಮಿಲಿ ವಿಸ್ಕಿ. ನಮ್ಮ ಯಜಮಾನರ 'ಒಂದು' ಎಂದರೆ ಒಂದು ಕ್ವಾರ್ಟರ್: 180 ಮಿಲಿ, 60 ಗ್ರಾಂ. ಆರರಿಂದ ಗುಣಿಸಬೇಕಿತ್ತು, ಫಾರಂ ತುಂಬಿದವರು ಕೇಳಲೇ ಇಲ್ಲ. ಜೊತೆಗೆ ನಿಜ ಹೇಳಿದರೆ ಏನು ಕಳೆದುಕೊಳ್ಳಬೇಕು ಎಂಬುದೂ ಇದೆ. ಉಗಾಂಡಾದಲ್ಲಿ ಎಚ್‌ಐವಿ ಇರುವವರ ಅಧ್ಯಯನಗಳಲ್ಲಿ, ಕುಡಿದಿಲ್ಲ ಎಂದ ಹಲವರಲ್ಲಿ ಪೆತ್ ಸಿಕ್ಕಿತು. ಕುಡಿಯಬೇಡ ಎಂದು ಗದರಿಸಿದ ಆಸ್ಪತ್ರೆಯಲ್ಲೇ ಕುಡಿದೆ ಎಂದು ಯಾರು ಒಪ್ಪುತ್ತಾರೆ? ಲಿವರ್ ಕಸಿಗೆ ಸರದಿಯಲ್ಲಿರುವವರಿಗಂತೂ ಒಂದು ಮಾತಿಗೆ ಜೀವವೇ ಬೆಲೆ.

ಹಾಗಿದ್ದರೆ ಪ್ರಶ್ನೆಯ ಗೊಡವೆ ಬಿಟ್ಟು ನಿಮ್ಮನ್ನೇ ಕೇಳಿದರಾಯಿತಲ್ಲ?

ಕೇಳಿ, ಆದರೆ ನಾನು ಹೇಳುವುದು ಮೊತ್ತ ಮಾತ್ರ. ಶನಿವಾರ ಒಂದೇ ರಾತ್ರಿ ಸುರಿದುಕೊಂಡದ್ದೋ, ದಿನಾ ಸಂಜೆ ಹನಿಹನಿಯಾಗಿ ಇಳಿದದ್ದೋ ನನಗೆ ಗೊತ್ತಾಗದು. ಸಮ ಕುಡಿದ ಇಬ್ಬರಲ್ಲಿ ನನ್ನ ಅಂಕಿ ಸಮ ಬರಬೇಕೆಂದೇನೂ ಇಲ್ಲ. ವರ್ಷವಿಡೀ ಕುಡಿದು ಎರಡು ತಿಂಗಳು ಬಿಟ್ಟವರ ಪರವಾಗಿ ನಾನೂ ಸಂಭಾವಿತ ಎಂದು ಸಹಿ ಹಾಕಿಬಿಡುತ್ತೇನೆ. ಯಾಕೆ ಕುಡಿಯುತ್ತಾರೆ, ಬಿಡಲು ಎಷ್ಟು ಸಲ ಹೆಣಗಿದರು, ಅದನ್ನು ಹೇಳಬಲ್ಲದ್ದು ನೀವು ಬೈಯುತ್ತಿರುವ ಆ ನಾಲಗೆಯೇ. ಹೆಂಡತಿಯನ್ನು ಒಂದು ಗಳಿಗೆ ಹೊರಗೆ ಕೂರಿಸಿ, ಬಾಟಲಿಯ ಅಳತೆ ಹಿಡಿದು ಕೇಳಿ. ಅಂತರ ಎಷ್ಟೋ ತಗ್ಗುತ್ತದೆ. ಇನ್ನೊಂದು ಮಾತು: ಕುಡಿದ ದಾನಿಯ ರಕ್ತ ಏರಿಸಿಕೊಂಡರೆ ಜನ್ಮದಲ್ಲಿ ಮದ್ಯ ಮುಟ್ಟದವರಲ್ಲೂ ಪೆತ್ ಕಾಣಬಹುದು. ನನ್ನನ್ನು ನಂಬುವ ಮುನ್ನ ನಾನು ಯಾರದ್ದೆಂದೂ ವಿಚಾರಿಸಿ.