ಎರಡಕ್ಷರದ ಹೆಸರು

ಬೆಟಗೇರಿಯ ಮಗ್ಗದ ಮನೆಯೊಂದರಲ್ಲಿ ತೊಟ್ಟಿಲು ಶೃಂಗಾರಗೊಂಡು, ಸೋದರತ್ತೆಯು ಶಿಶುವಿನ ಕಿವಿಯಲ್ಲಿ ‘ಕುರ್ರ್’ ಎನ್ನಲು ಬಾಗಿ, ಅವಳ ಬೆನ್ನಿಗೆ ಗುದ್ದಲು ನೆರೆಯ ಸ್ತ್ರೀಯರು ಮುಷ್ಟಿ ಬಿಗಿದು ನಿಂತಿದ್ದರೂ, ಹೆಸರು ಮಾತ್ರ ನಿಶ್ಚಯವಾಗಿರಲಿಲ್ಲ. ಗುದ್ದಿಗೆ ನಾಮನಿಶ್ಚಯದ ಅಗತ್ಯವೂ ಇಲ್ಲವಷ್ಟೆ.

“ಎಲ್ಡಽ ಅಕ್ಷರ ಇರಬೇಕು, ಊರಾಗ ಯಾರಿಗೂ ಇರಬಾರ್ದು. ‘ರಿಯೋ’ ಅಂತ ಇಡೂಣು,” ಎಂದನು ತಂದೆ.

“ಕುರಿ ಹೊಡಿಯೋ ಸಪ್ಪಳ ಆತಲೇ ಅದು! ಶಿರಹಟ್ಟಿ ಅಜ್ಜಾರ ಹೆಸರಿಡು, ಫಕ್ಕೀರಪ್ಪ.”

“ಯಪ್ಪಾ, ನಮ್ಮ ಓಣ್ಯಾಗಽ ಆರು ಮಂದಿ ಫಕ್ಕೀರಪ್ಪ ಅದಾರ!”

ಲಕ್ಷ್ಮೇಶ್ವರದಿಂದ ಬಂದಿದ್ದ ನಿವೃತ್ತ ಮಾಸ್ತರರು ಕನ್ನಡಕವನ್ನೊರೆಸಿಕೊಂಡು ನುಡಿದರು: “‘ಪಂಪ’ ಎಂದಿಡಿರಿ. ಎರಡೇ ಅಕ್ಷರ, ನಮ್ಮೂರು ಪುಲಿಗೆರೆಯೆನಿಸಿದ್ದಾಗ, ಅಲ್ಲಿಯ ಕನ್ನಡದ ತಿರುಳಿನಲ್ಲಿ ಕ್ರಿ.ಶ. 941ರಲ್ಲಿ ಭಾರತವನ್ನು ಬರೆದ ಮಹಾಕವಿಯ ನಾಮಧೇಯ.”

“ಸಾಲ್ಯಾಗ ಹುಡುಗ್ರು ‘ಪಂಪ್‌ಸೆಟ್’ ಅಂತಾರ್ರೀ ಮಾಸ್ತರ್ರ!”

ಬಾಗಿ ಬಾಗಿ ನಡು ನೊಂದಿದ್ದ ಸೋದರತ್ತೆ ತನಗೆ ತೋಚಿದುದನ್ನು ಉಸುರಿಬಿಟ್ಟಳು. ಗುದ್ದುಗಳ ಸಪ್ಪಳದಲ್ಲಿ ಅದೇನೆಂಬುದು ಯಾರಿಗೂ ಕೇಳಿಸಲಿಲ್ಲ.